ದುಡ್ಡು ವಾಪಸ್ ಬಾರದ ಟಿಕೆಟು

ಮೆಹರಕ್ಕಾ,

ನಿನ್ನ ಮೇಲೆ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತಾರೆ, ಅನ್ನಲಿ. ನೀನು ಹೋಗಿ ಮೂರು ತಿಂಗಳಾಯಿತು. ಹೋದ ವಾರದವರೆಗೂ ಅಳುವುದರಲ್ಲೇ ಕಳೆದೆ. ಈಗ ಅಳು ಬರುತ್ತಿಲ್ಲ. ಡೇಕೇರಿನಲ್ಲಿ ಮಕ್ಕಳಿಗೆ ಸೇಬು ಹೆಚ್ಚುತ್ತಿರುವಾಗ ನನಗೇ ಗೊತ್ತಿಲ್ಲದೆ ಹಲ್ಲು ಕಚ್ಚಿಕೊಂಡಿರುತ್ತೇನೆ. ಹುಬ್ಬಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವಳು ನೀನು, ನನ್ನ ಕೋಳಿಕಾಲಿನ ಅಕ್ಷರವನ್ನೂ ಓದಿಕೊಳ್ಳುತ್ತೀಯ. ಓದಿಕೊ. ಈ ಸಲ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಹೋದ ಶನಿವಾರ ನಿನ್ನ ಮಗ ಇಮ್ರಾನ್ ಸ್ಯಾನ್ ಹೊಸೆಯಿಂದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದ. ನಿನ್ನ ಬೂದು ಬಣ್ಣದ ಬೆನ್ನುಚೀಲ ತಂದು ಸೋಫಾದ ಮೇಲಿಟ್ಟು, "ಅಮ್ಮಿ ಇದ್ದಿದ್ರೆ ನಿಮಗೇ ಕೊಡ್ತಿದ್ಲು ಆಂಟಿ," ಎಂದ. ಕಾಫಿ ಕುಡಿದ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, ಅಷ್ಟು ಹೊತ್ತು ನುಂಗಿಕೊಂಡಿದ್ದನ್ನು ಹೇಳಿದ. ನಾವು ಲಿಸ್ಬನ್‌ಗೆ ಹೊರಟ ವಾರದಲ್ಲೇ ನಿನಗೆ ಹೃದಯದ ಪರೀಕ್ಷೆ ಗೊತ್ತುಮಾಡಿದ್ದರಂತೆ. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ ಎಂದು ನೀನೇ ಡಾಕ್ಟರ ಹತ್ತಿರ ಹೋಗಿದ್ದೆಯಂತೆ. ಮೊದಲು ಪರೀಕ್ಷೆ ಆಗಲಿ, ಆಮೇಲೆ ಓಡಾಟ ಎಂದು ಅವರು ಹೇಳಿದ್ದರಂತೆ. ನೀನು ಫೋನು ಮಾಡಿ ಪರೀಕ್ಷೆಯನ್ನೇ ಮೂರು ವಾರ ಮುಂದಕ್ಕೆ ಹಾಕಿಸಿದೆಯಂತೆ.

"ನಾನು ಜಗಳ ಆಡ್ದೆ ಆಂಟಿ. ಕೇಳ್ಲಿಲ್ಲ. 'ಸುಧಾ ವರ್ಷದಿಂದ ಕಾಯಾಕತ್ತಾಳ. ನಾ ಬರಂಗಿಲ್ಲ ಅಂದ್ರ ಅಕೀನೂ ಹೋಗಂಗಿಲ್ಲ, ಅಕೀ ಟಿಕೀಟೂ ಹಾಳಾಗತೈತಿ' ಅಂದ್ಲು."

ನಿನ್ನ ಮಾತನ್ನು ನಿನ್ನ ಧಾಟಿಯಲ್ಲೇ ಹೇಳಿದ. ಈ ದೇಶದಲ್ಲೇ ಬೆಳೆದ ಹುಡುಗನ ಬಾಯಲ್ಲಿ ಹುಬ್ಬಳ್ಳಿ ಹಾಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಟಿಕೆಟು! ನನ್ನನ್ನು ಒಂದು ಮಾತು ಕೇಳಬೇಕು ಅಂತ ನಿನಗೆ ಅನಿಸಲಿಲ್ಲವಾ ಅಕ್ಕ?

ನಿನ್ನನ್ನು ಮೊದಲು ನೋಡಿದ ದಿನ ನೆನಪಾಗುತ್ತಿದೆ. ಎಂಟು ವರ್ಷದ ಹಿಂದೆ, ಮಗಳು ಅನುವಿನ ಪ್ಯಾಂಟು ಗಿಡ್ಡ ಮಾಡಿಸಲು ಹೇವರ್ಡಿನಲ್ಲಿ ನಿನ್ನ ಆಲ್ಟರೇಷನ್ ಅಂಗಡಿಗೆ ಬಂದಿದ್ದೆ. ಹೊಲಿಗೆ ಮಿಷನ್ನಿನ ಹಿಂದಿನ ಗೋಡೆಯಲ್ಲಿ ಪ್ರಪಂಚದ ನಕ್ಷೆ, ಅದರ ತುಂಬ ಬಣ್ಣದ ತಲೆಯ ಗುಂಡುಸೂಜಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸುತ್ತಾ ಹದಿನಾಲ್ಕು ದೇಶ ನೋಡಿದ್ದೆ ನೀನು. ನಾನು ಮಂಡ್ಯ ಬಿಟ್ಟು ಬಂದವಳು, ಮಂಡ್ಯಕ್ಕೆ ಹೋಗಿ ಬರುವುದೇ ನನಗೆ ಗೊತ್ತಿದ್ದ ಪ್ರಯಾಣ. ಅದೂ ಗಂಡನ ಕಾಂಟ್ರಾಕ್ಟು ಕೆಲಸ ನೆಟ್ಟಗಿದ್ದ ವರ್ಷ ಮಾತ್ರ. "ನೀವು ತುಂಬ ಅನುಕೂಲಸ್ಥರಾ?" ಎಂದು ಕೇಳಿಯೇ ಬಿಟ್ಟೆ. "ಅನುಕೂಲ ಇದ್ದಿದ್ರ ನಿನ್ನ ಮಗಳ ಪ್ಯಾಂಟ್ ಯಾಕ ಹೊಲೀತಿದ್ದೆ ತಂಗಿ? ನೀವು ಗೀವು ಬ್ಯಾಡ, ಕೂಡು, ಚಾ ಕುಡಿ," ಎಂದೆ. ಆ ಚಹಾ ಮುಗಿಯುವಷ್ಟರಲ್ಲಿ ನಾನು ಇಸ್ತಾನ್‌ಬುಲ್‌ಗೆ ಹೊರಡುವುದು ಅರ್ಧ ತೀರ್ಮಾನವಾಗಿತ್ತು.

ಇಸ್ತಾನ್‌ಬುಲ್‌ಗೆ ಹೊರಡುವ ಹಿಂದಿನ ದಿನ ನನ್ನ ಸೂಟ್‌ಕೇಸು ತೆಗೆಸಿ ನೋಡಿದೆಯಲ್ಲ, ಮರೆತಿದ್ದೀಯಾ? "ಯಾರ ಮದುವಿಗೆ ಹೊಂಟೀಯವಾ?" ಎಂದು ನಗುತ್ತಾ ಆರು ಜೊತೆ ಬಟ್ಟೆ ಹೊರಗೆ ಹಾಕಿದೆ. ಮೂರು ಜೊತೆ ಸಾಕು, ಸ್ನಾನ ಮಾಡುವಾಗಲೇ ಒಂದನ್ನು ಒಗೆದು ಹಾಕು ಎಂದೆ. ನನ್ನ ಕುರ್ತಾದ ಒಳಗೆ ಪಾಸ್‌ಪೋರ್ಟಿಗೆ ಅಂತ ಜೇಬು ಹೊಲಿದುಕೊಟ್ಟೆ. ಬೆನ್ನಿಗೆ ಒಂದು ಚೀಲ, ಚೀಲದಲ್ಲಿ ಚಹಾ ಪುಡಿ, ಉಪ್ಪಿನಕಾಯಿ, ಒಳ್ಳೆಯ ದಿಂಬಿನ ಗವಸು. ಸುಖದ ವಿಷಯದಲ್ಲಿ ನಿನ್ನ ಹಟ ದೊಡ್ಡದು. "ಸುಖ ಅಂದ್ರ ದೊಡ್ಡ ಹೋಟೆಲ್ ಅಲ್ಲ. ಚಲೋ ನಿದ್ದಿ ಬರಬೇಕು, ಎದ್ದ ಕೂಡಲೇ ಬಿಸಿ ಚಾ ಸಿಗಬೇಕು, ಚಪ್ಪಲಿ ಕಾಲಿಗೆ ಕಚ್ಚಬಾರದು. ಇದಕ್ಕ ಎಷ್ಟು ರೊಕ್ಕ ಬೇಕು ಹೇಳು?" ಜನ ಐದು ದಿನದಲ್ಲಿ ಐದು ಊರು ಓಡುತ್ತಾರೆ, ನಾವು ಹತ್ತು ದಿನ ಒಂದೇ ಕೋಣೆಯಲ್ಲಿ ಇರುತ್ತಿದ್ದೆವು. ಹನೋಯಿಯಲ್ಲಿ ನೂಡಲ್ಸ್ ಅಂಗಡಿಯ ಮಹಡಿಯ ಮೇಲೆ ಹನ್ನೆರಡು ದಿನವಿದ್ದು, ಹೊರಡುವ ದಿನ ಆ ಮನೆಯ ಅಜ್ಜಿಯ ರವಿಕೆಗೆ ನೀನು ಗುಂಡಿ ಹೊಲಿದುಕೊಟ್ಟೆ. ಎಲ್ಲರೂ ಹೋಗುವ ತಿಂಗಳು ಬಿಟ್ಟು ಹೋಗುವುದು, ಹೊಟ್ಟೆ ತುಂಬ ಉಣ್ಣುವುದು ಮಧ್ಯಾಹ್ನ, ಅಲ್ಲಿನ ಕೆಲಸದವರು ಉಣ್ಣುವ ಕಡೆ. ಟ್ಯಾಕ್ಸಿಯವನ ಹತ್ತಿರ ಚೌಕಾಸಿ ಮಾಡಲು ನಿನಗೆ ಭಾಷೆಯೇ ಬೇಕಿರಲಿಲ್ಲ. ಯಾವ ಊರಿನಲ್ಲೂ, ಯಾರ ಮುಂದೆಯೂ, ನಿನಗೆ ಸಂಕೋಚ ಅನ್ನುವುದೇ ಇರಲಿಲ್ಲ.

ಮೌಂಟನ್ ವ್ಯೂ ಊರಿನ ಒಂದು ಮನೆಯ ಪೂಜೆಗೆ ನಿನ್ನನ್ನು ಕರೆದುಕೊಂಡು ಹೋಗಿದ್ದೆ. ಊಟದ ತಟ್ಟೆ ಹಿಡಿದು ನಿಂತಾಗ ಹಾಸನದವರೊಬ್ಬರು, "ಅಯ್ಯೋ, ಹೋದ್ರೆ ಚೆನ್ನಾಗಿ ಹೋಗ್ಬೇಕು ಕಣ್ರೀ, ಬಸ್ಸಲ್ಲೆಲ್ಲಾ ಅಲೆಯೋದಾದ್ರೆ ಮನೇಲಿರೋದೇ ವಾಸಿ," ಎಂದರು. ನಾನು ಮುಖ ಸಣ್ಣದು ಮಾಡಿಕೊಂಡೆ. ನೀನು ಕೋಸಂಬರಿ ಇನ್ನಷ್ಟು ಹಾಕಿಸಿಕೊಂಡು, ಅವರು ಎಷ್ಟು ದೇಶ ನೋಡಿದ್ದಾರೆ ಎಂದು ಬಹಳ ಮರ್ಯಾದೆಯಿಂದ ಕೇಳಿದೆ. ಅವರು ಮಾತು ಬದಲಾಯಿಸಿದರು. ನಿನ್ನ ವಿಷಯ ಗೊತ್ತಾದ ಮೇಲೆ ಅದೇ ಹೆಂಗಸು ನನಗೆ ಫೋನು ಮಾಡಿ, "ಪಾಪ, ತುಂಬ ಅಲೆದ್ರು, ಅದಕ್ಕೇ ಏನೋ," ಎಂದರು. ಫೋನು ಇಟ್ಟುಬಿಟ್ಟೆ. ಆದರೆ ಈಗ, ಇಮ್ರಾನ್ ಬಂದು ಹೋದ ಮೇಲೆ, ಆಕೆ ಅಂದದ್ದರಲ್ಲಿ...

ಟಿಕೆಟಿನ ವಿಷಯಕ್ಕೆ ಬರುತ್ತೇನೆ. ಮೊದಲನೇ ಸಲ ಕಂಪ್ಯೂಟರಿನ ಮುಂದೆ ಕೂತಾಗ ನಾನು ಕೇಳಿದ್ದೆ, ಸ್ವಲ್ಪ ಹೆಚ್ಚು ಕೊಟ್ಟರೆ ಬೇಡವಾದಾಗ ದುಡ್ಡು ವಾಪಸ್ ಬರುವ ಟಿಕೆಟು ಸಿಗುತ್ತದಲ್ಲ, ಅದನ್ನೇ ತಗೊಳ್ಳೋಣವಾ ಎಂದು. ನೀನು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದೆ. "ಅದು ಮನಸ್ಸು ಗಟ್ಟಿ ಇಲ್ಲದವರಿಗೆ. ಹೋಗ್ತೀನಿ ಅಂದ ಮ್ಯಾಲ ಹೋಗೂದು. ಉಳಿದ ರೊಕ್ಕದಾಗ ನಾಕು ದಿನ ಹೆಚ್ಚಿಗಿ ಇದ್ದು ಬರೂಣು." ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಕಂಡಕಂಡವರಿಗೆಲ್ಲ ಅದನ್ನೇ ನನ್ನ ಮಾತು ಎಂಬಂತೆ ಹೇಳಿಕೊಂಡು ಬಂದೆ. ಎಂಟು ವರ್ಷ ನಾವು ಒಂದು ಟಿಕೆಟನ್ನೂ ಕಳೆದುಕೊಳ್ಳಲಿಲ್ಲ. ಜ್ವರ ಬಂದಾಗ ಮಾತ್ರೆ ನುಂಗಿ ಹೋದೆವು, ನನ್ನ ಕಾಲು ಉಳುಕಿದಾಗ ಬಟ್ಟೆ ಸುತ್ತಿಕೊಂಡು ಮೆಕ್ಸಿಕೋಗೆ ಹೋದೆವು. ಎಂಥಾ ಹೆಮ್ಮೆ ನಮಗೆ! ಲಿಸ್ಬನ್ ಟಿಕೆಟನ್ನು ಹುಡುಕಿದವಳು ನಾನು. ಆ ವರ್ಷದಲ್ಲೇ ಅಷ್ಟು ಅಗ್ಗ ಕಂಡಿರಲಿಲ್ಲ. ನಿನಗೆ ಫೋನು ಮಾಡಿ ಚಿಕ್ಕ ಹುಡುಗಿಯ ಹಾಗೆ ಕಿರುಚಿದ್ದೆ. ಇಬ್ಬರಿಗೆ ಒಂದು ಕೋಣೆ, ಅದರ ದುಡ್ಡೂ ಮೊದಲೇ ಕಟ್ಟಿದ್ದು, ಅದೂ ವಾಪಸ್ ಬಾರದ್ದು.

ಲಿಸ್ಬನ್ನಿನ ಆ ಮೆಟ್ಟಿಲು. ಊರೆಲ್ಲ ಏರು, ಇಳಿತ, ಮತ್ತೆ ಏರು. ಎರಡನೇ ದಿನ ನಮ್ಮ ಕೋಣೆಗೆ ಹತ್ತುವ ಓಣಿಯಲ್ಲಿ ನೀನು ಮೂರು ಸಲ ನಿಂತೆ. "ತಡಿ ತಂಗಿ, ನದಿ ಎಷ್ಟು ಚಂದ ಕಾಣತೈತಿ ನೋಡೂಣು," ಎಂದೆ. ನಾನು ನದಿ ನೋಡಿದೆ. ನಿನ್ನ ಮುಖ ನೋಡಲಿಲ್ಲ. ನಾಲ್ಕನೇ ದಿನ ನೀನು, ಯಾವತ್ತೂ ಇಲ್ಲದ್ದು, ಟ್ರ್ಯಾಮಿನಲ್ಲಿ ಹೋಗೋಣ ಎಂದೆ. ನಾನು ಏನೆಂದೆ ಗೊತ್ತಲ್ಲ. "ಟ್ರ್ಯಾಮು ಟೂರಿಸ್ಟ್‌ಗಳಿಗೆ ಅಂತ ನೀನೇ ತಾನೇ ಹೇಳ್ತಿದ್ದಿದ್ದು? ವಯಸ್ಸಾಯ್ತು ಬಿಡು ನಿಂಗೆ." ನೀನು ನಕ್ಕೆ. "ಹೌದವಾ, ವಯಸ್ಸಾತು," ಎಂದು ಬಗ್ಗಿ ಚಪ್ಪಲಿ ಪಟ್ಟಿ ಬಿಗಿ ಮಾಡಿಕೊಂಡೆ, ನನ್ನ ಹಿಂದೆ ನಡೆದೇ ಬಂದೆ. ಕೆನ್ನೆಗೆ ಎರಡು ಬಾರಿಸಿ ಹೇಳಬಾರದಿತ್ತಾ? ನನಗೆ ಎದೆ ನೋಯುತ್ತಿದೆ ಮುಂಡೇದೇ ಎಂದು ಬೈಯಬಾರದಿತ್ತಾ? ಆ ಮಧ್ಯಾಹ್ನ ಬಂದರಿನ ಕೂಲಿಯವರು ಉಣ್ಣುವ ಹೋಟೆಲಿನಲ್ಲಿ ಸುಟ್ಟ ಮೀನು ತಿಂದೆವು. ನೀನು ಅರ್ಧ ಮೀನನ್ನು ನನ್ನ ತಟ್ಟೆಗೆ ತಳ್ಳಿದೆ. ನಾನು ಖುಷಿಯಾಗಿ ಅದನ್ನೂ ತಿಂದೆ.

ವಾಪಸ್ ಬಂದ ನಾಲ್ಕನೇ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ದೀಪ ಹಾಕಿ, ಮಿಷನ್ನಿನ ಮುಂದೆ ಕೂತವಳು ಏಳಲಿಲ್ಲ. ಕೋಟು ಕೊಡಲು ಬಂದ ಗಿರಾಕಿ ನೋಡಿ ಫೋನು ಮಾಡಿದ್ದು. ಪರೀಕ್ಷೆಗೆ ಇನ್ನು ಐದು ದಿನವಿತ್ತಂತೆ. ನಿನ್ನನ್ನು ಮಣ್ಣು ಮಾಡುವಾಗ ನಾನು ಹೆಂಗಸರ ಜೊತೆ ದೂರದಲ್ಲಿ ನಿಂತಿದ್ದೆ. ನಿಮ್ಮವರಲ್ಲೊಬ್ಬರು ನನ್ನ ಭುಜ ಹಿಡಿದು, "ನಿಮ್ಮ ಜೊತೆ ಹೋಗಿ ಬಂದಿದ್ದು ಅವರಿಗೆ ತುಂಬ ಖುಷಿಯಾಗಿತ್ತಂತೆ," ಎಂದರು. ನಾನು ಆ ಮಾತನ್ನು ಇಷ್ಟು ದಿನ ಎದೆಗೆ ಅವಚಿಕೊಂಡಿದ್ದೆ. ಇಮ್ರಾನ್ ಬಂದು ಅದನ್ನು ಕಿತ್ತುಕೊಂಡು ಹೋದ.

ಅವನ ತಪ್ಪಿಲ್ಲ. ಮೊದಲು ಸಿಟ್ಟು ನಿನ್ನ ಮೇಲೆ, ಎಲ್ಲವನ್ನೂ ನೀನೇ ತೀರ್ಮಾನಿಸಿದ್ದಕ್ಕೆ. ನನ್ನನ್ನು ಒಂದು ಟಿಕೆಟಿಗಿಂತ ಕಡಿಮೆ ಮಾಡಿದ್ದಕ್ಕೆ. ಎಂಟು ವರ್ಷದ ಸ್ನೇಹದಲ್ಲಿ, ಸುಧಾ ಆ ದುಡ್ಡು ಹೋದರೆ ಹೋಯಿತು ಅನ್ನುತ್ತಾಳೆ ಅಂತ ನಿನಗೆ ಅನಿಸಲೇ ಇಲ್ಲವಲ್ಲ? ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಎದ್ದು ಅನ್ನಕ್ಕೆ ಇಟ್ಟು ಬಂದೆ. ಮುಂದಿನದನ್ನು ಬರೆಯದೆ ಇದ್ದುಬಿಡೋಣ ಎಂದುಕೊಂಡೆ. ಬರೆಯದಿದ್ದರೆ ಈ ಕಾಗದವೇ ಸುಳ್ಳು.

ನಾವು ಹೊರಡುವ ಐದು ದಿನ ಮೊದಲು ಅನು ಕಾಲೇಜಿನಿಂದ ಫೋನು ಮಾಡಿದ್ದಳು. ಅಳುತ್ತಿದ್ದಳು. ಏನು ಅಂತ ಹೇಳಲಿಲ್ಲ. "ಕ್ಯಾನ್ ಐ ಕಮ್ ಹೋಮ್ ನೆಕ್ಸ್ಟ್ ವೀಕ್, ಅಮ್ಮ? ಐ ಜಸ್ಟ್ ವಾಂಟ್ ಯು ದೇರ್," ಎಂದಳು. ಹತ್ತೊಂಬತ್ತು ವರ್ಷದ ಹುಡುಗಿ, ಎಷ್ಟೋ ವರ್ಷದ ಮೇಲೆ ನಾನು ಬೇಕು ಅಂದಿದ್ದಳು. ನನಗೆ ಲಿಸ್ಬನ್ ಆ ಕ್ಷಣಕ್ಕೇ ಬೇಡವಾಯಿತು. "ಅಕ್ಕಾ, ನನಗೆ ಬರೋಕಾಗಲ್ಲ" ಎಂದು ನಿನಗೆ ಮೆಸೇಜು ಟೈಪು ಮಾಡಿದೆ. ಕಳಿಸಲಿಲ್ಲ. ನಾನು ಬರದಿದ್ದರೆ ನೀನೂ ಹೋಗುವುದಿಲ್ಲ, ಇಡೀ ದಿನ ಕತ್ತು ಬಗ್ಗಿಸಿ ಹೊಲಿದು ಕೂಡಿಟ್ಟ ನಿನ್ನ ದುಡ್ಡು ನನ್ನಿಂದ ಹಾಳಾಗುತ್ತದೆ ಎಂದು ಅಳಿಸಿಬಿಟ್ಟೆ. ಅನುಗೆ, ಆಂಟಿಯ ಟಿಕೆಟು ಹಾಳಾಗುತ್ತೆ ಪುಟ್ಟಾ, ಬಂದ ಮೇಲೆ ಸಿಗೋಣ ಎಂದೆ. "ಇಟ್ಸ್ ಫೈನ್," ಎಂದಳು. ಆಮೇಲೆ ಬಂದಳು, ಕೇಳಿದೆ, ಏನೂ ಇಲ್ಲ ಎಂದಳು. ಇವತ್ತಿಗೂ ಹೇಳಿಲ್ಲ.

ವಿಮಾನದಲ್ಲಿ ನಿನ್ನ ಪಕ್ಕ ಕೂತು ನಗುತ್ತಲೇ ಇದ್ದೆ ಅಕ್ಕ. ನಿನಗೆ ಗೊತ್ತಾಗಬಾರದು ಅಂತ. ನೀನೂ ನಗುತ್ತಿದ್ದೆ. ನನ್ನ ಮೆಸೇಜು ಬಂದಿದ್ದರೆ ನೀನು ಉಸ್ಸೆಂದು ಉಸಿರು ಬಿಟ್ಟು ಆ ವಾರವೇ ಆಸ್ಪತ್ರೆಗೆ ಹೋಗುತ್ತಿದ್ದೆ. ಯಾವ ಊರಿನ ಯಾವ ಡ್ರೈವರನ ಮುಂದೆಯೂ ನಾಚದ ನಾವು ಒಬ್ಬರಿಗೊಬ್ಬರು ಒಂದು ಮಾತು ಹೇಳಲು ಸಂಕೋಚಪಟ್ಟೆವು.

ಇಮ್ರಾನ್ ಅವತ್ತು ಕಾರು ಹತ್ತುವ ಮೊದಲು ಇನ್ನೊಂದು ಮಾತು ಹೇಳಿದ. "ಅಟ್ ಲೀಸ್ಟ್, ನೀವಿಬ್ರೂ ಅಷ್ಟು ಆಸೆಪಟ್ಟಿದ್ದ ಟ್ರಿಪ್ಪು ಆಂಟಿ. ಅದನ್ನ ನೋಡ್ಕೊಂಡೇ ಹೋದ್ಲು ಅಮ್ಮಿ." ತನಗೆ ತಡೆಯಲಾಗಲಿಲ್ಲ ಎಂದು ಕೊರಗುತ್ತಿರುವ ಹುಡುಗನಿಗೆ ಈಗ ಉಳಿದಿರುವುದು ಅದೊಂದೇ. ಹೌದು ಕಣಪ್ಪಾ ಎಂದೆ. ನಾನು ಸಾಯುವ ತನಕ ಅವನಿಗೆ ಹೌದು ಎಂದೇ ಹೇಳುತ್ತೇನೆ, ನಿನಗೆ ಮಾತು ಕೊಡುತ್ತೇನೆ. ನಿನಗೊಬ್ಬಳಿಗೆ ಮಾತ್ರ ನಿಜ ಹೇಳಬೇಕಿತ್ತು. ಆ ಊರು ನಮ್ಮಿಬ್ಬರಲ್ಲಿ ಯಾರಿಗೂ ಬೇಕಿರಲಿಲ್ಲ ಅಕ್ಕ.

ನಿನ್ನ ತಂಗಿ,
ಸುಧಾ