ಪಾತ್ರೆ ತೊಳೆಯುವ ಯಂತ್ರದಲ್ಲಿ ಕೊಕ್ಕರೆ

ಮಯಾಮಿ, ಮಂಗಳವಾರ

ಅಕ್ಕಾ,

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ನಾಳೆ ಚಂಡಮಾರುತ. ಕಿಟಕಿಗಳಿಗೆಲ್ಲ ಹಲಗೆ ಹೊಡೆದಾಯಿತು. ನಮ್ಮ ಯಜಮಾನಿ ಒಫೀಲಿಯಾ ಅಜ್ಜಿ ಕೂಡಿಟ್ಟ ಟೈಪ್‌ರೈಟರ್ ಚಿತ್ರಗಳನ್ನು, ಬರೀ ಅಕ್ಷರ ಹೊಡೆದು ಮೂಡಿಸಿದ ಆ ಕೊಕ್ಕರೆಯನ್ನೂ ಸೇರಿಸಿ, ನೆರೆನೀರು ತಾಗದಿರಲೆಂದು ಇಲ್ಲಿನವರ ರೂಢಿಯಂತೆ ಪಾತ್ರೆ ತೊಳೆಯುವ ಯಂತ್ರದೊಳಗಿಟ್ಟು ಬಾಗಿಲು ಹಾಕಿದೆವು.

“ಒಳಗಿನ ನೀರು ಆಚೆ ಬರಲ್ಲ ಅಂದ್ಮೇಲೆ ಆಚೆ ನೀರು ಒಳಗೆ ಹೇಗೆ ಹೋಗುತ್ತೆ, ಪೆದ್ದಿ?” ಅಂದರು ಅಜ್ಜಿ.

ಅದೇನೋ ಸರಿ. ಆದರೆ ಊಟ ಮುಗಿದದ್ದೇ ಅವರ ಕೈ ಅಭ್ಯಾಸಬಲದಿಂದ ಅದನ್ನು ಚಾಲೂ ಮಾಡುವ ಗುಂಡಿಗೆ ಹೋಯಿತು. ನಾನು ತಡೆದೆ. ಆಗಿನಿಂದ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಬರೆಯುತ್ತಿದ್ದೇನೆ. ಅಂಚೆಯವನು ಗೇಟಿಗೆ ಬಂದಿದ್ದಾನೆ, ಈ ಕಾರ್ಡು ಕೊಡಲು ಏಳಬೇಕು. ಅಜ್ಜಿ ಎಂಜಲು ತಟ್ಟೆ ಹಿಡಿದು ಎದುರಿಗೇ ನಿಂತಿದ್ದಾರೆ.

“ಏಳೇ ಆಚೆ, ತಟ್ಟೆ ಹಾಕ್ಬೇಕು.”

ನಿನ್ನ ತಂಗಿ,
ಇನೆಸ್