ನಡುಕೋಣೆಯ ಆಕಾಶ

ಭಾವ,

ಮಗುವಿನ ಕೋಣೆಗೆ ಕಿಟಕಿ ಇರಲಿಲ್ಲ. ಅದಕ್ಕೆ ನೀವು ಮೇಲೆಲ್ಲ ಆಕಾಶ ಬಳಿದಿರಿ. ಹಸಿ ಬಣ್ಣಕ್ಕೆ ಧೂಳು ಅಂಟಬಾರದೆಂದು ಬಾಗಿಲು ಹಾಕಿ, ಗವಾಕ್ಷಿಗೂ ರಟ್ಟು ತುರುಕಿದಿರಿ. ಎಂಥ ತಲೆ ನಿಮ್ಮದು!

ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ನಿಂತೆ. ಮೋಡಗಳು ನಿಜಕ್ಕೂ ತೇಲತೊಡಗಿದವು. ಗೋಡೆಗಳು ಮೆಲ್ಲಗೆ ದೂರ ಸರಿದವು, ನಾನೂ ನೆಲ ಬಿಟ್ಟು ಹಗುರಾದೆ. ಚೆನ್ನಾಗಿತ್ತು. ಅದು ನಿಮ್ಮ ಕೈಚಳಕವಲ್ಲ, ಬಣ್ಣದ ವಾಸನೆ ತಲೆಗೇರಿದ್ದು ಅಂತ ಹೊರಗೆ ಬಂದು ಕೂತ ಮೇಲೆ ಗೊತ್ತಾಯಿತು.

ಸಂಜೆ ಅಕ್ಕನನ್ನೂ ಮಗುವನ್ನೂ ಆಸ್ಪತ್ರೆಯಿಂದ ಕರೆತರುತ್ತೇನೆ. ರಟ್ಟು ಕಿತ್ತಿದ್ದೇನೆ. ಟೇಬಲ್ ಫ್ಯಾನನ್ನು ಬಾಗಿಲಲ್ಲಿ ಹೊರಮುಖವಾಗಿಡಿ. ಒಳಮುಖವಾಗಿಟ್ಟರೆ ವಾಸನೆ ಅಲ್ಲೇ ಗಿರಕಿ ಹೊಡೆಯುತ್ತದೆ. ಅಡುಗೆಮನೆ ಕಿಟಕಿ ತೆರೆದೇ ಇರಲಿ. ಡಬ್ಬ, ಬ್ರಷ್, ಕೈ ಒರೆಸಿದ ಬಟ್ಟೆ ಎಲ್ಲ ತಾರಸಿಗೆ ಹೋಗಲಿ. ಸೆಂಟ್ ಹೊಡೆದು ಮುಚ್ಚಿಹಾಕಬೇಡಿ, ಕೋಣೆಯಲ್ಲಿ ಬೆಂಕಿಕಡ್ಡಿ ಗೀರಬೇಡಿ. ವಾಸನೆ ಪೂರ್ತಿ ಹೋಗುವವರೆಗೆ ತಾಯಿ ಮಗು ನನ್ನ ಕೋಣೆಯಲ್ಲಿ ಮಲಗಲಿ, ನಾನು ಹಜಾರದಲ್ಲಿ ಬಿದ್ದುಕೊಳ್ಳುತ್ತೇನೆ.

"ಇಷ್ಟು ವಾಸನೆಗೆ ಏನಾಗುತ್ತೆ ಬಿಡೋ" ಅನ್ನಬೇಡಿ. ಬಣ್ಣ ಸಿಡಿಯಬಾರದೆಂದು ಅಕ್ಕನ ಹಕ್ಕಿ ಪಂಜರಕ್ಕೆ ಹಳೇ ಪಂಚೆ ಹೊದಿಸಿ, ಅಲ್ಲೇ ಮೂಲೆಯಲ್ಲಿ ಮರೆತಿದ್ದಿರಿ. ನಾನು ಹೊತ್ತು ಹೊರಗೆ ತರುವಷ್ಟರಲ್ಲಿ ಆಗಿಹೋಗಿತ್ತು. ಅಳುತ್ತಾ ಕೂರಬೇಡಿ, ಮೊದಲು ಫ್ಯಾನ್ ಹಾಕಿ. ಅಕ್ಕನಿಗೆ ದಾರಿಯಲ್ಲಿ ನಾನೇ ಹೇಳುತ್ತೇನೆ.

ಬಿಳಿಯದೊಂದು ಬದುಕಿದೆ. ಸತ್ತದ್ದು ಹಸಿರು ಎರಡು, ಹಳದಿ ಒಂದು.