ಕ್ಷಮಿಸಿದಂತೆ

ಜೂನ್ ೨, ಭಾನುವಾರ, ಮಧ್ಯಾಹ್ನ

ಔಷಧಿ ಚೀಟಿಯ ಪ್ರೂಫ್ ಮನೆಗೇ ತಂದಿದ್ದೇನೆ. "ದಿನಕ್ಕೆ ಮೂರು ಮಾತ್ರೆ" ಎಂದಿರಬೇಕಾದ ಕಡೆ "ದಿನಕ್ಕೆ ನೂರು ಮಾತ್ರೆ". ಒಂದೇ ಅಕ್ಷರ. ಪ್ರೆಸ್ಸಿನ ಯಜಮಾನರಿಗೆ ತೋರಿಸಿದರೆ ನಗುತ್ತಾರೆ. ನುಂಗಿದವನು ನಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು — ಕಂಡವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವುದು. ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಎಂದು ಇವರು, ನನ್ನ ಗಂಡ, ರೇಗಿಸುತ್ತಿದ್ದರು.

ಇವತ್ತಿನಿಂದ ಸಂಡೇ ಸ್ಕೂಲ್ ಬೇರೆ. ಚಿಕ್ಕ ಮಕ್ಕಳ ಟೀಚರ್ ಹೆರಿಗೆಗೆ ಹೋಗಿದ್ದಾಳೆ. ನನಗೆ ಮಕ್ಕಳಿಲ್ಲ, ಮಕ್ಕಳ ಗದ್ದಲ ಆಗುವುದಿಲ್ಲ, ಬೇರೆಯವರನ್ನು ನೋಡಿ ಎಂದು ಪಾಸ್ಟರ್‌ಗೆ ಹೇಳಿದೆ. ಕೇಳಲಿಲ್ಲ. ಕ್ಷಮೆ ಎಂದರೇನು ಎಂದು ನಿಮಗಿಂತ ಚೆನ್ನಾಗಿ ಯಾರು ಕಲಿಸುತ್ತಾರೆ ಎಂದರು.

ಅದೊಂದು ಮಾತು ನನ್ನ ಬೆನ್ನು ಬಿಡುತ್ತಿಲ್ಲ. ಒಂದೂವರೆ ವರ್ಷದ ಹಿಂದೆ, ಇವರ ಸಮಾಧಿಯ ಪಕ್ಕ ನಿಂತು, ಇಡೀ ಸಭೆಯ ಎದುರು ಹೇಳಿದೆ — ನನ್ನ ತಮ್ಮನನ್ನು ಕ್ಷಮಿಸಿದ್ದೇನೆ ಎಂದು. ಎಲ್ಲರೂ ಅತ್ತರು. ಎಂಥ ವಿಶ್ವಾಸ ಎಂದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಏನಾದರೂ ಹೇಳಲೇಬೇಕಿತ್ತು... ಹೇಳಿದೆ. ಸುಳ್ಳು ಹೇಳಿದೆ.

ಏಳು ಮಕ್ಕಳು. ಎಲ್ಲಾ ಐದರಿಂದ ಏಳರೊಳಗಿನವರು. ತಮ್ಮನ ಮಗಳು ಗುಬ್ಬಿಯೂ ಇದ್ದಾಳೆ. ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು. ಕೈ ಎಲ್ಲಿಡುವುದು ಗೊತ್ತಾಗಲಿಲ್ಲ.

ಜೂನ್ ೮, ಶನಿವಾರ, ಸಂಜೆ ಆರೂವರೆ

ತಮ್ಮ ಬಂದು ಹೋದ. ಪ್ರತಿ ಶನಿವಾರ ಬರುತ್ತಾನೆ. ಎರಡು ಸಲ ತಟ್ಟುತ್ತಾನೆ, ಕಾಯುತ್ತಾನೆ. ಅರ್ಜೆಂಟ್ ಪ್ರೂಫ್ ಇದೆ ಎಂದು ಒಳಗಿನಿಂದಲೇ ಹೇಳುತ್ತೇನೆ. "ಸರಿ ಅಕ್ಕ" ಅನ್ನುತ್ತಾನೆ. ಮೆಟ್ಟಿಲು ಇಳಿಯುವ ಸದ್ದು. ಬಾಗಿಲು ತೆರೆದರೆ ಚೀಲ ಇರುತ್ತದೆ. ಇವತ್ತು ಹಣ್ಣು, ಸೋಪು, ಒಂದು ಬಲ್ಬು. ಹೊರಗಿನ ಮೆಟ್ಟಿಲಿನ ಬಲ್ಬು ಹೋಗಿದ್ದನ್ನು ಗಮನಿಸಿದ್ದಾನೆ.

ಅವನು ಸಾರವೆ ಕಟ್ಟುವ ಮೇಸ್ತ್ರಿಯಾಗಿದ್ದ. ಕಟ್ಟಡದ ಹೊರಗೆ ಕಂಬ ನಿಲ್ಲಿಸಿ, ಹಲಗೆ ಹಾಸಿ, ಹಗ್ಗ ಬಿಗಿಯುವುದು. ಇವರು ಪೇಂಟರ್. ಭಾವ-ಭಾಮೈದ ಎಲ್ಲಿ ಹೋದರೂ ಜೊತೆಗೇ. ಅವನು ಕಟ್ಟಿದ ಸಾರವೆಯ ಮೂರನೇ ಮಹಡಿಯ ಹಲಗೆ ಜಾರಿತು. ಹಲಗೆಗೆ ಹಗ್ಗ ಕಟ್ಟಿರಲಿಲ್ಲ. ತಪ್ಪು ನನ್ನದೇ ಎಂದು ವಿಚಾರಣೆಯಲ್ಲಿ ಬರೆದುಕೊಟ್ಟ. ಆಮೇಲೆ ಯಾರೂ ಅವನಿಗೆ ಆ ಕೆಲಸ ಕೊಡಲಿಲ್ಲ. ಈಗ ಗೋದಾಮಿನಲ್ಲಿ ಮೂಟೆ ಹೊರುತ್ತಾನಂತೆ.

ಹೊರಲಿ.

ಬರೆದ ಮೇಲೆ ಹೊಡೆದು ಹಾಕೋಣ ಅನ್ನಿಸಿತು. ಇರಲಿ. ಇದು ಪ್ರೂಫ್ ಅಲ್ಲ.

ಜೂನ್ ೯, ಭಾನುವಾರ

ಕರ್ತನ ಪ್ರಾರ್ಥನೆ ಕಲಿಸಿದೆ. ಒಂದೊಂದು ಸಾಲೂ ನಾನು ಹೇಳುವುದು, ಅವರು ಹೇಳುವುದು. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು" ಎಂಬ ಸಾಲಿಗೆ ಬಂದಾಗ ಒಂದು ಕೈ ಮೇಲೆದ್ದಿತು. ಅವಳನ್ನು ಎಲ್ಲರೂ ಚೂಟಿ ಅನ್ನುತ್ತಾರೆ. ಆರು ವರ್ಷ. ಮುಂದಿನ ಹಲ್ಲೆರಡೂ ಬಿದ್ದಿವೆ, ನಾಲಿಗೆ ಮಾತ್ರ ಹರಿತ.

"ನಾವು ಕ್ಷಮಿಸಿದಂತೆ... ಯಾರು ಹೇಳಿದ್ದು?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವಳಿಗೆ ಗೊತ್ತಿರುವ "ಅಂತೆ" ಬೇರೆ. ನಾಳೆ ರಜಾ ಅಂತೆ. ಪಕ್ಕದ ಮನೆಯವರು ಮನೆ ಬಿಡ್ತಾರಂತೆ. ಹಾಗೆಯೇ ಇದೂ — ನಾವು ಕ್ಷಮಿಸಿದೆವಂತೆ! ಯಾರೋ ಊರೆಲ್ಲ ಹೇಳಿಕೊಂಡು ಬಂದ ಸುದ್ದಿ. ನಗು ಬರಬೇಕಿತ್ತು. ಬರಲಿಲ್ಲ.

ವ್ಯಾಕರಣ ಬಿಡಿಸಿ ಹೇಳಿದೆ. ಇದು ಅಂತೆ-ಕಂತೆಯ ಅಂತೆ ಅಲ್ಲ ಕಣೇ, "ಹಾಗೆ" ಎಂದು ಅರ್ಥ. ನಾವು ಬೇರೆಯವರನ್ನು ಹೇಗೆ ಕ್ಷಮಿಸಿದ್ದೇವೋ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಕೇಳುವುದು. ಅವಳು ಬಿಡಲಿಲ್ಲ. ಹಾಗಾದರೆ ನಾವು ಮೊದಲು ಮಾಡಿರಬೇಕು ಅಲ್ಲವಾ ಎಂದಳು. ಹೌದು ಎಂದೆ. ಮುಂದಿನ ಸಾಲಿಗೆ ಹೋದೆ, ಬೇಗನೆ.

ಜೂನ್ ೧೬, ಭಾನುವಾರ, ಎರಡು ಗಂಟೆ

ಏಳು ಬಾಯಿ ಒಟ್ಟಿಗೆ ಪ್ರಾರ್ಥನೆ ಹೇಳುತ್ತಿದ್ದವು. ಆ ಸಾಲಿಗೆ ಆರಾದವು. ಮುಗಿದ ಕೂಡಲೇ ಮತ್ತೆ ಏಳು. ಕಣ್ಣು ಮುಚ್ಚಿದ್ದರೂ ಗೊತ್ತಾಯಿತು. ಬಿಟ್ಟುಹೋದ ಪದ ನನ್ನ ಕಿವಿಗೆ ಬೀಳದೆ ಇರುವುದಿಲ್ಲ.

ಚೂಟಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವಳ ಅಣ್ಣ ಅವಳ ಗೊಂಬೆಯ ತಲೆ ಕಿತ್ತುಹಾಕಿದ್ದಾನೆ. ಬೇಕೆಂದೇ. ಅದಕ್ಕೇ ಆ ಸಾಲು ಹೇಳುವುದಿಲ್ಲವಂತೆ.

"ನಾನಿನ್ನೂ ಕ್ಷಮಿಸಿಲ್ಲ ಆಂಟಿ. ಸುಮ್ನೆ ಹೇಳಿದ್ರೆ ದೇವರಿಗೆ ಗೊತ್ತಾಗಲ್ವಾ?"

ಗದರಬೇಕಿತ್ತು. ಅಣ್ಣನ ಮೇಲೆ ಹಾಗೆಲ್ಲ ಕೋಪ ಇಟ್ಟುಕೊಳ್ಳಬಾರದು ಪುಟ್ಟಿ ಎಂದು ಬುದ್ಧಿ ಹೇಳಬೇಕಿತ್ತು. ಟೀಚರ್ ಆದವಳ ಕೆಲಸ ಅದು. ಹೋಗಿ ಕೂತ್ಕೋ ಎಂದೆ, ಅಷ್ಟೇ. ಐವತ್ತಮೂರು ವರ್ಷ ಚರ್ಚಿನ ಬೆಂಚು ಸವೆಸಿದ್ದೇನೆ. ಒಂದು ಸಾಲಿಗೆ ಬಾಯಿ ಮುಚ್ಚಬಹುದು ಎಂದು ಹೊಳೆದಿರಲಿಲ್ಲ.

ಜೂನ್ ೨೩, ಭಾನುವಾರ

ದೊಡ್ಡವರ ಆರಾಧನೆ. ನಾನೂ ಬಾಯಿ ಮುಚ್ಚಿದೆ. ಆ ಒಂದು ಸಾಲು. ಪಕ್ಕದ ಅಜ್ಜಿ ನನಗೆ ಮರೆತುಹೋಯಿತು ಎಂದುಕೊಂಡು, ಮೊಣಕೈಯಲ್ಲಿ ತಿವಿದು, ನನ್ನ ಕಿವಿಯಲ್ಲಿ ಜೋರಾಗಿ ಹೇಳಿಕೊಟ್ಟಳು. ಎರಡು ಬೆಂಚು ಮುಂದೆ ಕೂತಿದ್ದ ತಮ್ಮ ತಿರುಗಿ ನೋಡಿದ. ತಕ್ಷಣ ತಲೆ ತಗ್ಗಿಸಿದ.

ಕತ್ತು ಎಷ್ಟು ಸಣ್ಣಗಾಗಿದೆ ಅವನದು.

ಜೂನ್ ೩೦, ಭಾನುವಾರ

ಇವತ್ತು ಏಳು ಬಾಯಿ. ಚೂಟಿ ಆ ಸಾಲು ಹೇಳಿದಳು, ಉಳಿದವರಿಗಿಂತ ಒಂದು ಹಿಡಿ ಜಾಸ್ತಿ ಗಂಟಲಲ್ಲಿ.

ಅಣ್ಣ ಸಾರಿ ಕೇಳಿದನಾ ಎಂದೆ. ಇಲ್ಲವಂತೆ. ಗೊಂಬೆ ರಿಪೇರಿ ಆಯಿತಾ? ಇಲ್ಲ, ತಲೆ ಎಲ್ಲಿ ಹೋಯಿತೋ ಸಿಕ್ಕಿಲ್ಲ. ಮತ್ತೆ? ದಿನಾ ದೇವರಿಗೆ ನನಗಿನ್ನೂ ಕೋಪ ಇದೆ ಅಂತ ಹೇಳುತ್ತಿದ್ದಳಂತೆ. ಶುಕ್ರವಾರ ನೋಡಿದರೆ ಕೋಪ ಇರಲಿಲ್ಲ. ಹೋಗಿತ್ತು. ಇಷ್ಟು ಹೇಳಿ ಬಣ್ಣದ ಪೆನ್ಸಿಲ್‌ಗೆ ಜಗಳ ಆಡಲು ಓಡಿದಳು.

ಹೊಟ್ಟೆಕಿಚ್ಚಾಯಿತು. ಆರು ವರ್ಷದವಳ ಮೇಲೆ. ನಾನು ದೇವರ ಹತ್ತಿರ ಒಂದು ದಿನವಾದರೂ ಹಾಗೆ ಹೇಳಿದ್ದೇನೆಯೇ — ನನಗೆ ಇನ್ನೂ ಕೋಪ ಇದೆ ಎಂದು? ಅಚ್ಚುಕಟ್ಟಾಗಿ ತಿದ್ದಿದ ಪ್ರತಿಯನ್ನೇ ಅವನ ಮುಂದೆ ಇಟ್ಟುಕೊಂಡು ಬಂದಿದ್ದೇನೆ.

ಇವತ್ತು ಹೇಳಿದೆ. ಮಂಡಿಯೂರದೆ, ಪಾತ್ರೆ ತೊಳೆಯುತ್ತಾ. ನನಗೆ ಕೋಪ ಇದೆ. ತಮ್ಮನ ಮುಖ ನೋಡಿದರೆ ಆ ಹಲಗೆ ಕಾಣುತ್ತದೆ. ನೀನೂ ನೋಡುತ್ತಾ ನಿಂತಿದ್ದೆಯಲ್ಲ, ನಿನ್ನ ಮೇಲೂ ಇದೆ. ಅಳು ಬಂತು. ನಲ್ಲಿ ನಿಲ್ಲಿಸದೆ ಅತ್ತೆ.

ಜುಲೈ ೭, ಭಾನುವಾರ, ಹನ್ನೊಂದೂವರೆ

ಚರ್ಚಿನ ಹಿಂದಿನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮಕ್ಕಳು ಹೋದರು.

ಒಬ್ಬೊಬ್ಬರೂ ಸ್ವಂತ ಮಾತಿನಲ್ಲಿ ಪ್ರಾರ್ಥಿಸಿ ಎಂದಿದ್ದೆ. ಒಬ್ಬ ಸೈಕಲ್ ಕೇಳಿದ. ಒಬ್ಬಳು ನಾಯಿಮರಿ. ಗುಬ್ಬಿಯ ಸರದಿ ಬಂತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

"ದೇವರೇ, ಅತ್ತೆಗೆ ಕನ್ನಡಕದ ವಿಷಯ ಯಾವತ್ತೂ ಗೊತ್ತಾಗದೆ ಇರಲಿ. ಮಾವ ಕನ್ನಡಕ ತರಕ್ಕೆ ಅಂತ ಅವಸರ ಮಾಡಿದ್ದು ಗೊತ್ತಾಗದೆ ಇರಲಿ. ಅಪ್ಪನ ಬೆನ್ನು ನೋವು ವಾಸಿ ಮಾಡು. ಆಮೆನ್."

ಆರು ಮಕ್ಕಳು ಆಮೆನ್ ಎಂದರು.

ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಆ ಪ್ರಾರ್ಥನೆ ಯಾರು ಕಲಿಸಿದ್ದು ಎಂದೆ. ಅಪ್ಪ ದಿನವೂ ಹಾಗೇ ಬೇಡಿಕೊಳ್ಳುತ್ತಾರೆ ಎಂದಳು. ಆಮೇಲೆ ನನ್ನ ಮುಖ ನೋಡಿ ಗಾಬರಿಯಾದಳು.

"ನೀವು ಕೇಳಿಸ್ಕೊಂಡ್ರಾ? ಅದು ದೇವರಿಗೆ ಹೇಳಿದ್ದು ಅತ್ತೆ."

ಇಲ್ಲ ಎಂದೆ. ಮತ್ತೊಂದು ಸುಳ್ಳು.

ಜುಲೈ ೮, ಸೋಮವಾರ, ಪ್ರೆಸ್, ಊಟದ ಬಿಡುವು

ಇದೇ ಕನ್ನಡಕ. ಈಗ ಮೂಗಿನ ಮೇಲಿರುವುದು. ಹಳೆಯದು ಬಿದ್ದು ಒಡೆದಿತ್ತು, ಹೊಸದಕ್ಕೆ ಕೊಟ್ಟಿದ್ದೆವು. ಸಮಾಧಿಯಾದ ಮೂರನೇ ದಿನ ತಮ್ಮ ತಂದುಕೊಟ್ಟ. ಅಂಗಡಿಯವನು ಕಳಿಸಿದ ಎಂದಿದ್ದ. ಒಂದೂವರೆ ವರ್ಷದಿಂದ ಇದನ್ನೇ ಹಾಕಿಕೊಂಡು ಲೋಕದ ತಪ್ಪನ್ನೆಲ್ಲ ತಿದ್ದಿದ್ದೇನೆ.

ಅವತ್ತು ಬೆಳಿಗ್ಗೆ ಇವರಿಗೆ ಫೋನ್ ಮಾಡಿದ್ದು ನೆನಪಿದೆ. ಇವತ್ತು ಹನ್ನೊಂದೂವರೆಗೇ ಅಂಗಡಿ ಮುಚ್ಚುತ್ತಾರಂತೆ, ಕನ್ನಡಕ ತನ್ನಿ, ನನ್ನ ಕೆಲಸ ನಿಂತಿದೆ ಎಂದು. ಮರೆತಿರಲಿಲ್ಲ. ಆ ಫೋನನ್ನೂ ಆ ಹಲಗೆಯನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿದ್ದೆ. ನಡುವಿನ ಬಾಗಿಲಿನ ಬೀಗದಕೈ ತಮ್ಮನ ಹತ್ತಿರ ಇದೆ ಎಂದು ಒಳಗೆಲ್ಲೋ ಗೊತ್ತಿತ್ತು. ಅದಕ್ಕೇ ಅವನಿಗೆ ಬಾಗಿಲು ತೆಗೆಯಲಿಲ್ಲವೇ? ಕೋಪ ಎಂದುಕೊಂಡಿದ್ದೆ. ಹೆದರಿಕೆ ಅದು.

ಇವತ್ತು ಒಂದು ಪುಟದಲ್ಲಿ ನಾಲ್ಕು ತಪ್ಪು ಬಿಟ್ಟೆ. ಯಜಮಾನರು ಹುಷಾರಿಲ್ಲವೇ ಎಂದು ಕೇಳಿದರು.

ಜುಲೈ ೧೪

ಕ್ಲಾಸಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ನಿನ್ನೆ ಅವನು ತಟ್ಟಿದಾಗ ಬಾಗಿಲ ತನಕ ಹೋಗಿದ್ದೆ. ಚಿಲಕದ ಮೇಲೆ ಕೈ ಇಟ್ಟು ನಿಂತೆ. ಅವನು ಇಳಿದು ಹೋದ.

ಜುಲೈ ೨೦, ಶನಿವಾರ, ಸಂಜೆ ಏಳು

ತೆಗೆದೆ.

ಬಾಗಿಲು ತೆರೆದೀತು ಎಂದು ಅವನು ನಿರೀಕ್ಷಿಸಿರಲಿಲ್ಲ. ಚೀಲ ಎದೆಗೆ ಅವುಚಿಕೊಂಡು ನಿಂತುಬಿಟ್ಟ. ಒಳಗೆ ಬಾ ಎಂದೆ. ಇವರು ಕೂರುತ್ತಿದ್ದ ಕುರ್ಚಿ ಬಿಟ್ಟು ಸ್ಟೂಲಿನ ಮೇಲೆ ಕೂತ. ಸುತ್ತು ಬಳಸುವುದು ನನಗೆ ಬರುವುದಿಲ್ಲ. ಹೇಳಿದೆ — ಅವತ್ತು ಸಮಾಧಿಯ ಹತ್ತಿರ ಹೇಳಿದ್ದು ಸುಳ್ಳು, ನಿನ್ನನ್ನು ಕ್ಷಮಿಸಿರಲಿಲ್ಲ.

"ಗೊತ್ತಕ್ಕ" ಎಂದ.

ಗೊತ್ತಿದ್ದೂ ವಾರ ವಾರ ಯಾಕೆ ಬರುತ್ತಿದ್ದೆ ಎಂದರೆ, ನೀನು ಒಬ್ಬಳೇ ಇರುತ್ತೀಯಲ್ಲ ಎಂದ. ಅಷ್ಟು ಸಾದಾ ಉತ್ತರ.

ಕನ್ನಡಕದ ವಿಷಯ ಹೇಳು ಎಂದೆ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಯಾರು ಹೇಳಿದರು ಎಂದು ಕೇಳಲಿಲ್ಲ. ಚೀಲ ಕೆಳಗಿಟ್ಟು ಹೇಳಿದ. ಮೇಲಿನ ಹಲಗೆ ಕಟ್ಟಿರಲಿಲ್ಲ. ಹಗ್ಗ ತರುತ್ತೇನೆ, ಅಲ್ಲಿಯ ತನಕ ಹತ್ತಬೇಡಿ ಎಂದು ಇವರಿಗೆ ಹೇಳಿದ್ದ. ಇವರು ಕೇಳಲಿಲ್ಲ. ನಿಮ್ಮಕ್ಕ ಎರಡು ಸಲ ಫೋನ್ ಮಾಡಿದ್ದಾಳೆ ಕಣಯ್ಯಾ, ಇದೊಂದು ಮೂಲೆ ಮುಗಿಸಿ ಓಡುತ್ತೇನೆ, ಇಲ್ಲದಿದ್ದರೆ ನನ್ನ ಪ್ರೂಫ್ ತಿದ್ದುತ್ತಾಳೆ ಎಂದು ನಗುತ್ತಾ ಹತ್ತಿದರು. ಅವನು ಹಗ್ಗಕ್ಕೆಂದು ಲಾರಿಯ ಕಡೆ ಹೋದ. ಒಂದೆರಡು ನಿಮಿಷವೂ ಆಗಿರಲಿಕ್ಕಿಲ್ಲ.

ನಗುತ್ತಾ ಹತ್ತಿದರು. ಅವರ ಕೊನೆಯ ನಗು ಇಷ್ಟು ದಿನ ಇವನ ಹತ್ತಿರ ಇತ್ತು. ಕೇಳಲೇ ಇಲ್ಲ ನಾನು.

ವಿಚಾರಣೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ, ಕೆಲಸ ಕಳೆದುಕೊಂಡೆಯಲ್ಲೋ ಎಂದೆ. ಬಲವಂತವಾಗಿ ಕೈ ಹಿಡಿದು ನಿಲ್ಲಿಸಬೇಕಿತ್ತು, ತಪ್ಪು ತನ್ನದೇ ಎಂದ. ನನಗಾದರೂ ಹೇಳಬಹುದಿತ್ತಲ್ಲ ಎಂದೆ.

"ಬೈಯೋಕೆ ನಿಂಗೆ ನಾನಾದ್ರೂ ಇದ್ದೆ ಅಕ್ಕ. ಇದು ಗೊತ್ತಾದ್ರೆ ನೀನು ಯಾರನ್ನ ಬೈತಿದ್ದೆ?"

ಅವನ ತಲೆ ನನ್ನ ಹೊಟ್ಟೆಗೆ ಒತ್ತಿಕೊಂಡು ಅತ್ತೆ. ಚಿಕ್ಕವನಿದ್ದಾಗ ಅವನು ನನಗೆ ಹಾಗೆ ಅಂಟಿಕೊಂಡು ಅಳುತ್ತಿದ್ದ. ಈಗ ಅವನು ಅಳಲಿಲ್ಲ. ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಕೈಜಾರಿ ಬಿದ್ದವನ ಹಾಗೆ ಕೂತಿದ್ದ. ನಾಳೆ ಮಧ್ಯಾಹ್ನ ಊಟಕ್ಕೆ ಬಾ, ಗುಬ್ಬಿಯನ್ನೂ ಕರೆದುಕೊಂಡು ಬಾ ಎಂದೆ. ಆಗಲಿ ಎಂದು ತಲೆಯಾಡಿಸಿದ.

ಜುಲೈ ೨೧, ಭಾನುವಾರ, ಬೆಳಿಗ್ಗೆ ಐದು ನಲವತ್ತು

ನಿದ್ದೆಯಿಂದ ಎದ್ದವಳೇ ಕೋಪ ಹುಡುಕಿದೆ, ಚೂಟಿ ಹುಡುಕಿದ ಹಾಗೆ. ಇದೆ. ತಮ್ಮನ ಮೇಲಿಲ್ಲ. ವಿಳಾಸ ಬದಲಾಗಿದೆ.

ಪ್ರಾರ್ಥನೆ ಶುರುಮಾಡಿದೆ. ಆ ಸಾಲಿನ ಮೊದಲನೇ ಭಾಗ ಇವತ್ತು ಸಲೀಸಾಗಿ ಬಂತು. ನಿಂತದ್ದು ಎರಡನೆಯ ಭಾಗದಲ್ಲಿ, ನಮ್ಮ ತಪ್ಪುಗಳು ಎನ್ನುವಲ್ಲಿ. ಯಾವ ತಪ್ಪು ಎಂದು ಹೇಳದೆ ಕ್ಷಮಿಸು ಎಂದರೆ ಅದೂ ಅಂತೆ-ಕಂತೆಯೇ. ಮಕ್ಕಳಾದರೆ ಹೆಸರು ಹಿಡಿದು ಹೇಳುತ್ತವೆ. ಗೊಂಬೆಯ ತಲೆ ಎನ್ನುತ್ತವೆ. ನಾನೂ ಹಾಗೇ ಹೇಳಬೇಕು. ಮೊದಲು ಇಲ್ಲಿ, ಆಮೇಲೆ ದೇವರಿಗೆ, ಮಧ್ಯಾಹ್ನ ತಮ್ಮನಿಗೆ. ಕೇಳಿದ ಮೇಲೆ ಅವನು ನನ್ನನ್ನು ಕೂಡಲೇ ಕ್ಷಮಿಸಬೇಕಾಗಿಲ್ಲ. ಎಷ್ಟು ಶುಕ್ರವಾರ ಬೇಕೋ ತೆಗೆದುಕೊಳ್ಳಲಿ.

ನಿನ್ನೆ ಅವನು ಎರಡು ಸಲ ಎಂದ. ಅವನು ಹಗ್ಗ ತರಲು ಹೋಗಿದ್ದ, ಅವನಿಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ.

ಎರಡಲ್ಲ. ಮೂರು.

ಮೂರನೆಯದಕ್ಕೆ ತುಂಬ ಹೊತ್ತು ರಿಂಗ್ ಆಯಿತು. ಎತ್ತಲಿಲ್ಲ. ಬೇಕೆಂದೇ ಎತ್ತುತ್ತಿಲ್ಲ, ಮನೆಗೆ ಬರಲಿ ವಿಚಾರಿಸಿಕೊಳ್ಳುತ್ತೇನೆ ಎಂದು ಬೈದುಕೊಂಡು ಇಟ್ಟೆ. ಫೋನಿನಲ್ಲಿ ಇನ್ನೂ ಇದೆ, ಅಳಿಸಿಲ್ಲ — ಹತ್ತು ಐವತ್ತೊಂದು. ಬಿದ್ದ ಸಮಯ ಎಂದು ವಿಚಾರಣೆಯಲ್ಲಿ ಬರೆದದ್ದೂ ಹತ್ತು ಐವತ್ತೊಂದು. ಕಟ್ಟದ ಹಲಗೆಯ ಮೇಲೆ ನಿಂತು, ನನ್ನ ಫೋನ್ ಎಂದು ಗೊತ್ತಾಗಿ, ಇವರು ಒಂದು ಕೈ ಬಿಟ್ಟು ಜೇಬಿನಿಂದ...